ಎರಡು ದ್ರಾಕ್ಷಿ ಬೆರೆಸಿ ವೈನ್ ಯಾಕೆ ಮಾಡುತ್ತಾರೆ?

ತಿಕೋಟಾ ತೋಟದವ:
ನಮ್ಮದು ಥಾಮ್ಸನ್ ದ್ರಾಕ್ಷಿ ತೋಟ, ಇಪ್ಪತ್ತು ವರ್ಷದಿಂದ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುತ್ತೇವೆ. ಮಗಳು ಫ್ರಾನ್ಸಿನಿಂದ ಬರುವಾಗ ಅಲ್ಲಿನ ಬೋರ್ಡೋ ಸೀಮೆಯ ವೈನ್ ಒಂದು ಬಾಟಲಿ ತಂದಿದ್ದಳು. ಅದರಲ್ಲಿ ಎರಡು ದ್ರಾಕ್ಷಿ ತಳಿ: ಕ್ಯಾಬರ್ನೆ ಸೋವಿನ್ಯೋನ್ ಜಾಸ್ತಿ, ಮೆರ್ಲೊ ಸ್ವಲ್ಪ. ನಿನ್ನೆ ರಾತ್ರಿ ತೆರೆದೆವು. ನೇರಳೆಕಾಯಿ ಕಚ್ಚಿದ ಹಾಗೆ ನಾಲಿಗೆ ಒಗರಾಯಿತು. ಸಿಹಿ ಇಲ್ಲವೇ ಇಲ್ಲ. ನಮ್ಮ ಮಾಲಿನಲ್ಲಿ ಬೇರೆ ತಳಿ ಬೆರೆತರೆ ವ್ಯಾಪಾರಿ ರೇಟು ಇಳಿಸುತ್ತಾನೆ. ಅವರು ಬೇಕಂತಲೇ ಯಾಕೆ ಬೆರೆಸುತ್ತಾರೆ? ಅರ್ಧ ಬಾಟಲಿ ಉಳಿದಿದೆ.

ಬೆಳಗಾವಿ ಹುಡುಗ:
ಕಾಕಾ, ಚೆಲ್ಲಬೇಡಿ. ಸಾಮಾನ್ಯವಾಗಿ ಅವರು ಹಣ್ಣು ಬೆರೆಸುವುದಿಲ್ಲ. ಒಂದೊಂದು ತಳಿಯದೂ ಬೇರೆ ಬೇರೆ ವೈನ್ ಮಾಡಿ, ರುಚಿ ನೋಡಿ, ಆಮೇಲೆ ಎಷ್ಟೆಷ್ಟು ಅಂತ ತೀರ್ಮಾನಿಸುತ್ತಾರೆ. ಕ್ಯಾಬರ್ನೆ ಕಾಳು ಸಣ್ಣದು, ಸಿಪ್ಪೆ ದಪ್ಪ. ಕೆಂಪು ವೈನನ್ನು ಸಿಪ್ಪೆ, ಬೀಜದ ಸಮೇತ ಹುಳಿ ಬರಿಸುತ್ತಾರೆ. ಒಗರು ಅಲ್ಲಿಂದಲೇ ಬರುತ್ತದೆ, ಟ್ಯಾನಿನ್ ಅನ್ನುತ್ತಾರೆ. ಬಾಟಲಿ ವರ್ಷಗಟ್ಟಲೆ ಬಾಳುವುದಕ್ಕೆ ಅದೂ ಬೇಕು. ಮೆರ್ಲೊ ಮೆದು, ಆ ಒಗರನ್ನು ತಗ್ಗಿಸುತ್ತದೆ.

ಇನ್ನೊಂದು ಕಾರಣ ನಿಮಗೆ ಬೇಗ ಅರ್ಥವಾಗುತ್ತದೆ. ಬೋರ್ಡೋ ಸಮುದ್ರಕ್ಕೆ ಹತ್ತಿರ. ಕೊಯ್ಲಿನ ಹೊತ್ತಿಗೇ ಮಳೆಯ ಭಯ. ಮೆರ್ಲೊ ಬೇಗ ಹಣ್ಣಾಗುತ್ತದೆ, ಕ್ಯಾಬರ್ನೆ ತಡ. ಎರಡೂ ಇದ್ದರೆ ಒಂದಾದರೂ ಕೈಗೆ ಸಿಗುತ್ತದೆ. ಶೆಡ್‌ನಲ್ಲಿ ಹಣ್ಣು ಹರವಿದಾಗ ಅಕಾಲದ ಮಳೆ ಬಂದರೆ ಹೊಟ್ಟೆ ಹೇಗೆ ಉರಿಯುತ್ತದೆ ಅಂತ ನಿಮಗೆ ಗೊತ್ತಲ್ವಾ! ಮಣ್ಣೂ ಬೇರೆ. ಬೋರ್ಡೋದಲ್ಲೇ ನದಿಯ ಎಡದಂಡೆಯ ಮೆಡೋಕ್‌ನಲ್ಲಿ ಗರಸು ನೆಲ, ಅಲ್ಲಿ ಕ್ಯಾಬರ್ನೆ ಮುಂದು. ಬಲದಂಡೆಯ ಪೊಮೆರೋಲ್‌ನಲ್ಲಿ ಜಿಗುಟು ಮಣ್ಣು, ಅಲ್ಲಿ ಮೆರ್ಲೊದ್ದೇ ರಾಜ್ಯ.

ಜಮಖಂಡಿ ಅಕ್ಕ:
ಅಣ್ಣಾ, ಬಿಸಿ ಬಿಸಿ ವೈನ್ ಕುಡಿದಿದ್ದೀರಿ ಅನಿಸುತ್ತದೆ. ಕೋಣೆಯ ತಾಪದಲ್ಲಿ ಕುಡಿಯಿರಿ ಅನ್ನುವ ಮಾತು ಅವರ ತಂಪು ಮನೆಗಳಿಗೆ ಸರಿ, ನಮ್ಮ ಬೇಸಿಗೆಗಲ್ಲ. 16ರಿಂದ 18 ಡಿಗ್ರಿ ಸಾಕು. ಗಾಜಿನ ಜಗ್ಗಿಗೆ ಸುರಿದು ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಜೊತೆಗೆ ಮಟನ್ ಇರಲಿ, ಖಾರ ಮಾತ್ರ ಕಡಿಮೆ. ಖಾರದ ಬಾಯಿಗೆ ಒಗರು ಇನ್ನೂ ಚುಚ್ಚುತ್ತದೆ.

ತಿಕೋಟಾ ತೋಟದವ:
ಇವತ್ತು ಹಾಗೇ ಮಾಡಿದೆ. ಫ್ರಿಜ್‌ನಿಂದ ತೆಗೆದು ಅರ್ಧ ತಾಸು ಬಿಟ್ಟು ಕುಡಿದೆ. ಒಗರು ಇದೆ, ಆದರೆ ಮಟನ್ ತುಂಡಿನ ಜೊತೆ ಹಿತವಾಯಿತು. ಹಣ್ಣಾದ ನೇರಳೆಯ ವಾಸನೆ ಮೂಗಿಗೆ ಬಂತು. ನಿನ್ನೆ ಅದು ಸಿಕ್ಕಿರಲೇ ಇಲ್ಲ. ಮಗಳಿಗೆ ಫೋನ್ ಮಾಡಿದ್ದೇನೆ, ಮುಂದಿನ ಸಲ ಬಲದಂಡೆಯದು ತರುತ್ತಾಳಂತೆ.