'ಕರೆಂಟ್ ಇದ್ದು, ವೋಲ್ಟೇಜ್ ಇಲ್ಲೆ': ವೋಲ್ಟೇಜಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬೇಸಿಗೆ ಬಂತು ಅಂದರೆ ನಮ್ಮ ಶಿರಸಿ ಕಡೆ ತೋಟದವರ ಬಾಯಲ್ಲಿ ದಿನಾ ಇದೇ ಮಾತು: 'ಕರೆಂಟ್ ಇದ್ದು, ವೋಲ್ಟೇಜ್ ಇಲ್ಲೆ.' ಪಂಪು ಹುಂ ಅನ್ನುತ್ತದೆ, ನೀರೆತ್ತುವುದಿಲ್ಲ. ಮೊನ್ನೆ ಹತ್ತನೇ ಕ್ಲಾಸಿನ ಮಗಳಿಗೆ ಪಾಠ ಹೇಳಲು ಕೂತಾಗ ಈ ಮಾತೇ ತೊಡಕಾಯಿತು.

ಪುಸ್ತಕದ ಕರೆಂಟ್ ಅಂದರೆ ಹರಿಯುವುದು, ಆಂಪಿಯರಿನಲ್ಲಿ ಅಳೆಯುವುದು. ಮನೆಯ ಪ್ಲಗ್ಗಿಗೆ ಏನೂ ಸಿಕ್ಕಿಸದಿದ್ದಾಗ ಅಲ್ಲಿ ಹರಿವೇ ಇಲ್ಲ. ಆದರೂ ಟೆಸ್ಟರ್ ಇಟ್ಟು, ದೀಪ ಉರಿದರೆ 'ಕರೆಂಟ್ ಇದೆ' ಅನ್ನುತ್ತೇವೆ. ನಿಜಕ್ಕೂ ಅಲ್ಲಿರುವುದು ವೋಲ್ಟೇಜು, 230 ವೋಲ್ಟಿನ ಆಸುಪಾಸು. ನಮ್ಮ ಆಡುಮಾತಿನ ಕರೆಂಟ್ ಬರುತ್ತದೆ, ಹೋಗುತ್ತದೆ, ಹೊಡೆಯುತ್ತದೆ, ಅದಕ್ಕೆ ಬಿಲ್ಲೂ ಬರುತ್ತದೆ. ಹರಿಯುವುದೊಂದು ಬಿಟ್ಟು ಎಲ್ಲ ಮಾಡುತ್ತದೆ!

ಪಠ್ಯದಲ್ಲಿ ಹರಿಯುವ ಕರೆಂಟಿಗೆ 'ವಿದ್ಯುತ್ ಪ್ರವಾಹ'. ಸರಿ, ಅರ್ಥವಾಗುತ್ತದೆ. (ಕರಾವಳಿಯವರಿಗೆ ಪ್ರವಾಹ ಅಂದರೆ ಮಳೆಗಾಲದ ನೆರೆಯೇ ನೆನಪಾಗುತ್ತದೆ, ಅದು ಬೇರೆ ಮಾತು.) ತಕರಾರು ಇರುವುದು ವೋಲ್ಟೇಜಿನ 'ವಿಭವಾಂತರ'ದ ಮೇಲೆ. ಒಳಗಿದ್ದ ಅಮ್ಮ ಕೇಳಿಸಿಕೊಂಡು, 'ವಿಭವ ಅಂದ್ರೆ ಸಂವತ್ಸರದ ಹೆಸರಲ್ದಾ?' ಅಂದರು. ಹೌದು, ಪ್ರಭವ ಆದಮೇಲೆ ವಿಭವ. ಸಿರಿ, ವೈಭವ ಅನ್ನುವ ಅರ್ಥವೂ ಇದೆ. ಮಗಳಿಗೆ ಎರಡೂ ಗೊತ್ತಿಲ್ಲ, ಸುಮ್ನೆ ಬಾಯಿಪಾಠ.

ಕೊನೆಗೆ ಅಬ್ಬಿ ನೀರಿನ ಮೊರೆ ಹೋದೆ. ಗುಡ್ಡದಿಂದ ಪೈಪಿನಲ್ಲಿ ಬರುವ ನೀರಿಗೆ ನಲ್ಲಿ ಬಂದ್ ಮಾಡಿದರೂ ಒತ್ತಡ ಇರುತ್ತದೆ, ಹರಿವು ಇರುವುದಿಲ್ಲ. ಒತ್ತಡ ವೋಲ್ಟೇಜಿನ ಹಾಗೆ, ಹರಿವು ಕರೆಂಟಿನ ಹಾಗೆ. ತೋಟದ ಸ್ಪ್ರಿಂಕ್ಲರ್ ಎಲ್ಲ ಒಟ್ಟಿಗೆ ಬಿಟ್ಟರೆ ಕೊನೆಯದು ತಿರುಗುವುದೇ ಇಲ್ಲ. ಲೈನಿನ ತುದಿಯ ಮನೆಗಳ ಪಾಡೂ ಅದೇ. ಎಲ್ಲರ ಪಂಪೂ ಒಟ್ಟಿಗೆ ಎಳೆದಾಗ ಉದ್ದ ತಂತಿಯ ರೋಧದಲ್ಲೇ (ಹರಿವಿಗೆ ತಂತಿ ಒಡ್ಡುವ ತಡೆ) ಒಂದಷ್ಟು ವೋಲ್ಟ್ ಕಳೆದುಹೋಗುತ್ತದೆ. ಆಗ ಮೋಟಾರು ಕಡಿಮೆಯಲ್ಲ, ಜಾಸ್ತಿ ಕರೆಂಟ್ ಎಳೆಯುತ್ತದೆ. ವೈಂಡಿಂಗ್ ಸುಡುವುದು ಅದಕ್ಕೇ. ಅಂದರೆ ತೋಟದವರ ಮಾತು ಪುಸ್ತಕದ ಅರ್ಥದಲ್ಲೂ ಸರಿಯೇ ಆಯಿತು, ಅಲ್ವಾ?

ಈಗ ನನ್ನ ಪ್ರಶ್ನೆ. ವೋಲ್ಟೇಜಿಗೆ 'ಒತ್ತಡ' ಅಂದರೆ ಸಾಕೇ? ಪತ್ರಿಕೆಗಳಲ್ಲಿ 'ಅಧಿಕ ಒತ್ತಡದ ತಂತಿ' ಆಗಲೇ ಇದೆ. ನನಗೂ ಅದೇ ಹಿಡಿಸಿದೆ. ಆದರೆ 'ವಿಭವಾಂತರ'ದಲ್ಲಿದ್ದ 'ಅಂತರ' ಬಿಟ್ಟುಹೋಗುತ್ತದೆ. ಒಂದೇ ತಂತಿಯ ಮೇಲೆ ಕೂತ ಕಾಗೆ ಬದುಕುವುದು ಅದರ ಎರಡು ಕಾಲುಗಳ ನಡುವೆ ವೋಲ್ಟೇಜಿನ ಅಂತರ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ. 'ಒತ್ತಡದ ಅಂತರ' ಅನ್ನೋಣವೇ? ಮೋಟಾರು ಕಟ್ಟುವವರು, ಲೈನ್‌ಮನ್‌ಗಳು ನಿಮ್ಮೂರಲ್ಲಿ ಬೇರೆ ಏನಾದರೂ ಅನ್ನುತ್ತಾರೆಯೇ?