ಎಫ್‌ಡಿಎ ಆಗೋಕೆ ಎಕ್ಸಾಮ್ ಬೇಕು, ಎಂಎಲ್‌ಎ ಆಗೋಕೆ ಏನೂ ಬೇಡ್ವಾ?

ಕಟ್‌ಆಫ್_ಸಂತ್ರಸ್ತ

ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ಇದು ಆ ಪಕ್ಷ ಈ ಪಕ್ಷ ಅನ್ನೋ ಪೋಸ್ಟ್ ಅಲ್ಲ, ಆ ಕಡೆಗೆ ಎಳೀಬೇಡಿ ಪ್ಲೀಸ್.

ಮೂರು ವರ್ಷದಿಂದ ಕಾಂಪಿಟೇಟಿವ್ ಎಕ್ಸಾಮ್‌ಗೆ ಓದ್ತಾ ಇದೀನಿ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಕೆಎಎಸ್, ಯಾವ್ದು ಕರೆದ್ರೂ ಅರ್ಜಿ ಹಾಕೋದು, ಲೈಬ್ರರೀಲಿ ಸೀಟ್ ಹಿಡಿಯೋಕೆ ಬೆಳಗ್ಗೆ ಆರಕ್ಕೇ ಬ್ಯಾಗ್ ಇಟ್ಟು ಬರೋದು, ಆಮೇಲೆ ಒಂದೂವರೆ ಮಾರ್ಕ್ಸಲ್ಲಿ ಕಟ್‌ಆಫ್ ತಪ್ಪೋದು. ಅದು ಬಿಡಿ, ಅದು ನನ್ನ ಹಣೆಬರಹ. ಹೋದ ತಿಂಗಳು ಮನೆ ಇ-ಸ್ವತ್ತು (ಆಸ್ತಿ ದಾಖಲೆ) ಮಾಡಿಸೋಕೆ ಅಂತ ಊರಿನ ಪಂಚಾಯ್ತಿಗೆ ಹೋದೆ, ಅಧ್ಯಕ್ಷರ ಕುರ್ಚೀಲಿ ಅಧ್ಯಕ್ಷರ ಗಂಡ ಕೂತಿದ್ರು, ಅಮ್ಮಾವ್ರು ಮನೇಲಿ, ಸಹಿ ಬೇಕು ಅಂದ್ರೆ ಫೈಲೇ ಮನೆಗೆ ಹೋಗುತ್ತೆ. ಆ ಯಮ್ಮ ಓದಿರೋದು ಮೂರನೇ ಕ್ಲಾಸಂತೆ. ಆಫೀಸಲ್ಲಿ ಟೈಪ್ ಮಾಡೋ ಕೆಲಸಕ್ಕೆ ಪಿಯುಸಿ ಕೇಳ್ತಾರೆ, ಆ ಆಫೀಸಿಗೇ ಅಧ್ಯಕ್ಷರಾಗೋಕೆ ಏನೂ ಬೇಡ. ಎಂಎಲ್‌ಎಗೂ ಬೇಡ, ಎಂಪಿಗೂ ಬೇಡ. 25 ವರ್ಷ ಆಗಿದ್ದು ವೋಟರ್ ಲಿಸ್ಟಲ್ಲಿ ಹೆಸರಿದ್ರೆ ಸಾಕು.

ಹರಿಯಾಣದಲ್ಲಿ ಪಂಚಾಯ್ತಿಗೆ ನಿಲ್ಲೋಕೆ ಎಸ್ಸೆಸ್ಸೆಲ್ಸಿ ಅಂತ ಕಾನೂನು ಮಾಡಿದ್ರಲ್ಲ, ನಮ್ಮಲ್ಲೂ ಯಾಕೆ ಮಾಡ್ಬಾರ್ದು? ಎಲೆಕ್ಷನ್ ಇರ್ಲಿ, ಬೇಡ ಅನ್ನಲ್ಲ, ಆದ್ರೆ ಮೊದ್ಲು ಒಂದು ಸಣ್ಣ ಪ್ರಿಲಿಮ್ಸ್, ಅದ್ರಲ್ಲಿ ಪಾಸಾದೋರು ಮಾತ್ರ ನಿಲ್ಲಲಿ, ಆಮೇಲೆ ಜನ ಯಾರನ್ನ ಬೇಕಾದ್ರೂ ಆರಿಸ್ಕೊಳ್ಳಲಿ. ಇದ್ರಲ್ಲಿ ತಪ್ಪೇನಿದೆ ಅಂತ ನಿಜವಾಗ್ಲೂ ಕೇಳ್ತಿದೀನಿ.

ವರದಾ_ದಂಡಿ

ತಮ್ಮಾ, ನೀ ಓದಾಕತ್ತಿರೋ ಅದ ಪರೀಕ್ಷಾ ಬರದು ಪಿಡಿಒ ಆದಾಂವ ನಾ. ಹಾವೇರಿ ಕಡೆ ಮೂರು ಪಂಚಾಯ್ತಿ ನೋಡೀನಿ. ನಿನ್ನ ಸಿಟ್ಟು ನನಗ ತಿಳೀತೈತಿ, ಆದ್ರ ಒಂದು ಹೇಳ್ತೀನಿ ಕೇಳು.

ಪಂಚಾಯ್ತಿ ಆಫೀಸಿನ್ಯಾಗ ನೀ ಹೇಳೋ ಎರಡೂ ಅದಾವ. ಪರೀಕ್ಷಾ ಪಾಸಾದಾಂವ ನಾ, ಓಟು ಗೆದ್ದಾಕಿ ಅಧ್ಯಕ್ಷರು. ಬಿಲ್ ಆಗಬೇಕಂದ್ರ ಇಬ್ಬರ ಡಿಜಿಟಲ್ ಸಹಿ ಡೋಂಗಲ್ಲೂ ಬೇಕು. ನನ್ನ ಮೊದಲನೇ ಪೋಸ್ಟಿಂಗಿನ್ಯಾಗ ಅಧ್ಯಕ್ಷರಾಗಿದ್ದಾಕಿ ಅರವತ್ತರ ಒಬ್ಬಾಕಿ ಅವ್ವ, ಹೆಸರು ಬರಿಯಾಕ ಅಷ್ಟ ಬರ್ತಿತ್ತು. ಕುಡಿಯೋ ನೀರಿನ ಪೈಪ್‌ಲೈನಿಗೆ ಜೂನಿಯರ್ ಇಂಜಿನಿಯರ್ ಎಸ್ಟಿಮೇಟ್ ಮಾಡಿ ತಂದ, ನಾ ನೋಡಿದ್ಯಾ, ಕಾಗದದ ಮ್ಯಾಲ ಎಲ್ಲಾ ಸರಿ ಇತ್ತು. ಆಕಿ ಸಹಿ ಹಾಕಂಗಿಲ್ಲ ಅಂದ್ಲು. ಯಾಕವ್ವಾ ಅಂದ್ರ, "ಈ ಲೈನು ಗೌಡ್ರ ಓಣಿ ದಾಟಿ ನಮ್ಮ ಕೇರಿಗೆ ಬರೋದ್ರಾಗ ನೀರು ಖಾಲಿ ಆಕ್ಕೈತಿ, ಹೋದ ಸಲನೂ ಹಿಂಗ ಮಾಡಿದ್ರಿ, ಮೊದಲು ನಮ್ಮ ಕಡೆ ತಿರುವು" ಅಂದ್ಲು. ಹದಿನೈದು ದಿನ ಫೈಲು ಇಟಗೊಂಡು ಕುಂತ್ಲು. ನನಗ ಮ್ಯಾಲಿನಿಂದ ಫೋನಿನ ಮ್ಯಾಲ ಫೋನು. ಕಡೀಕ ವಾಲ್ವ್ ಬ್ಯಾರೆ ಕಡೆ ಹಾಕಿ ಲೈನ್ ತಿರುವಿದ್ವಿ. ಯಾವ ಸಿಲೆಬಸ್‌ನ್ಯಾಗೂ ಇದು ಇಲ್ರಿ. ಕೊಡ ಹಿಡಕೊಂಡು ನಿಂತಾಕಿಗೆ ಮಾತ್ರ ಗೊತ್ತಿತ್ತು.

ಹಂಗಂತ ಓದದೇ ಇರೋರೆಲ್ಲಾ ದೇವರು ಅನ್ನಂಗಿಲ್ಲ ಮತ್ತ. ಎರಡನೇ ಪಂಚಾಯ್ತಿಯೊಳಗ ಅಧ್ಯಕ್ಷ ಬಿಎ ಓದಿದಾಂವ, ನರೇಗಾ ಜಾಬ್‌ಕಾರ್ಡಿನ ಲೆಕ್ಕ ನನಗಿಂತ ಚಲೋ ತಿಳಕೊಂಡಿದ್ದ, ಎದಕ್ಕ ತಿಳಕೊಂಡಿದ್ದ ಅಂತ ಬಿಡಿಸಿ ಹೇಳಂಗಿಲ್ಲ. ಮೂರನೇದರಾಗ ಓದದಾಕಿ ಇದ್ಲು, ಆಕಿ ಮಗ ಎಲ್ಲಾ ನುಂಗಿದ.

ಫರಕ್ ಇಷ್ಟ ನೋಡು, ನಾ ತಪ್ಪು ಮಾಡಿದ್ರ ಟ್ರಾನ್ಸ್‌ಫರ್. ಜಾಸ್ತಿ ಅಂದ್ರ ಸಸ್ಪೆಂಡ್ ಆಗಿ ಆರು ತಿಂಗಳಿಗೆ ಮತ್ತ ಬರ್ತೀನಿ. ನನ್ನ ತಗೀಯಾಕ ಆ ಊರಾನ ಮಂದಿಗೆ ಅಧಿಕಾರ ಇಲ್ಲ.

ಮಲ್ನಾಡ್_ಮಳೆ

@ಕಟ್‌ಆಫ್_ಸಂತ್ರಸ್ತ ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳಿ, ಗಂಡ ಕುರ್ಚೀಲಿ ಕೂತಿದ್ದು ಹೆಂಡ್ತಿ ಮೂರನೇ ಕ್ಲಾಸು ಅಂತ ಅಲ್ಲ. ನಮ್ಮ ಅತ್ತಿಗೆ ಎಂಎ ಬಿಎಡ್, ಮೆಂಬರಾಗಿದ್ರು, ಮೀಟಿಂಗಿಗೆ ಹೋಗ್ತಿದ್ದಿದ್ದು ನಮ್ಮ ಅಣ್ಣ!! ಮನೇಲಿ ಎಲ್ರೂ ಅದನ್ನ ಜೋಕ್ ಮಾಡ್ಕೊಂಡು ನಗ್ತಿದ್ವಿ, ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. ಎಸ್ಸೆಸ್ಸೆಲ್ಸಿ ಕಡ್ಡಾಯ ಮಾಡಿದ್ರೆ ಎಸ್ಸೆಸ್ಸೆಲ್ಸಿ ಆಗಿರೋ ಹೆಂಡ್ತಿನ ಹುಡುಕಿ ನಿಲ್ಲಿಸ್ತಾರೆ, ಕುರ್ಚೀಲಿ ಅದೇ ಗಂಡ ಇರ್ತಾನೆ.

ಹರಿಯಾಣ ಕಾನೂನು 2015ದು. ಸಾಮಾನ್ಯ ವರ್ಗದ ಗಂಡಸರಿಗೆ 10ನೇ ಕ್ಲಾಸು, ಹೆಂಗಸರಿಗೆ ಮತ್ತು ಎಸ್‌ಸಿ ಅವ್ರಿಗೆ 8, ಪಂಚ್ (ಪಂಚಾಯ್ತಿ ಮೆಂಬರ್) ಸ್ಥಾನಕ್ಕೆ ನಿಲ್ಲೋ ಎಸ್‌ಸಿ ಹೆಂಗಸರಿಗೆ 5. ಜೊತೆಗೆ ಮನೇಲಿ ಟಾಯ್ಲೆಟ್ ಇರ್ಬೇಕು, ಕರೆಂಟ್ ಬಿಲ್ ಬಾಕಿ ಇರ್ಬಾರ್ದು, ಸೊಸೈಟಿ ಸಾಲ ಬಾಕಿ ಇರ್ಬಾರ್ದು. ರಾಜಬಾಲ ಅನ್ನೋರು ಸುಪ್ರೀಂ ಕೋರ್ಟಿಗೆ ಹೋದ್ರು, ಆ ವರ್ಷ ಡಿಸೆಂಬರಲ್ಲಿ ಕೋರ್ಟು ಕಾನೂನು ಸರಿ ಅಂತ್ಲೇ ಹೇಳ್ತು, ಸರಿ ತಪ್ಪು ಗುರುತಿಸೋ ಶಕ್ತಿ ಬರೋದು ವಿದ್ಯೆಯಿಂದ ಮಾತ್ರ ಅನ್ನೋ ಥರ ಬರೆದ್ರು. ಆ ಸಾಲು ಓದಿದಾಗ ನಂಗೆ ನಮ್ಮಜ್ಜಿ ನೆನಪಾದ್ರು, ಶಾಲೆ ಮುಖ ನೋಡಿಲ್ಲ, ಅವರ ಮುಂದೆ ಸುಳ್ಳು ಹೇಳೋಕೆ ನಮ್ಮೂರಿನ ಸಾಹುಕಾರ್ರೂ ಹೆದರ್ತಿದ್ರು. ರಾಜಸ್ಥಾನದಲ್ಲೂ ಸರಪಂಚರಿಗೆ (ಪಂಚಾಯ್ತಿ ಅಧ್ಯಕ್ಷರಿಗೆ) 8ನೇ ಕ್ಲಾಸು ಅಂತ ಇತ್ತು, 2019ರಲ್ಲಿ ತೆಗೆದು ಹಾಕಿದ್ರು.

ತಮಾಷೆ ಏನು ಗೊತ್ತಾ, ಪಂಚಾಯ್ತಿಗೆ ಈ ಕಾನೂನು ಮಾಡಿದ ಎಂಎಲ್‌ಎಗಳಿಗೇ ಅದು ಅನ್ವಯಿಸಲ್ಲ. ಟಾಯ್ಲೆಟ್ ಇಲ್ದಿದ್ರೂ ಎಂಎಲ್‌ಎ ಆಗಬಹುದು.

ನಮ್ಮ ವಿಧಾನ ಪರಿಷತ್ತಲ್ಲೂ ನಿಮ್ಮ ಐಡಿಯಾದ ಒಂದು ತುಂಡು ಇದೆ. 75 ಸೀಟಲ್ಲಿ 7 ಪದವೀಧರರ ಕ್ಷೇತ್ರ, ವೋಟು ಹಾಕೋಕೆ ಡಿಗ್ರಿ ಆಗಿ ಮೂರು ವರ್ಷ ಆಗಿರ್ಬೇಕು. ಆದ್ರೆ ನಿಲ್ಲೋಕೆ ಡಿಗ್ರಿ ಬೇಡ! ಓದಿದೋರೇ ವೋಟ್ ಹಾಕೋ ಈ ಎಲೆಕ್ಷನ್ನಲ್ಲಿ ದುಡ್ಡು, ಜಾತಿ, ಗಿಫ್ಟು ಇರಲ್ವಾ, ಪ್ರಚಾರದ ಟೈಮಲ್ಲಿ ಒಂದ್ಸಲ ಸುತ್ತಾಡಿ ನೋಡಿ.

ರಾಗಿಮುದ್ದೆ_ಸಾರು

ಬೆಂಗಳೂರಲ್ಲಿ ನಿಮ್ಮ ಪ್ರಯೋಗ ಆಗ್ಲೇ ಆಗೋಗಿದೆ ಗುರು. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಲ್ಲಿ ಮುಗೀತು, 198 ವಾರ್ಡು, ಒಬ್ಬ ಕಾರ್ಪೊರೇಟರೂ ಇಲ್ಲ, ಮೇಲೆ ಆಡಳಿತಾಧಿಕಾರಿ, ಎಲ್ಲಾ ಐಎಎಸ್ ಬರೆದು ಟಾಪ್ ಬಂದೋರು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದ್ವು, ಅಲ್ಲೀವರೆಗೂ ಹಂಗೇ ನಡೀತು. ಜಿಲ್ಲಾ ತಾಲ್ಲೂಕು ಪಂಚಾಯ್ತಿಗಳ ಅವಧಿನೂ 2021ರಲ್ಲಿ ಮುಗಿದು ವರ್ಷಗಟ್ಲೆ ಅಧಿಕಾರಿಗಳ ಕೈಲೇ ಇತ್ತು. ಕಾರ್ಪೊರೇಟರು ಕಳ್ಳನೇ ಇರ್ಲಿ, ಚರಂಡಿ ಉಕ್ಕಿದಾಗ ರಾತ್ರಿ ಹತ್ತಕ್ಕೆ ಅವನ ಮನೆ ಬಾಗಿಲು ಬಡಿದು ಬೈಬಹುದಿತ್ತು. ಐಎಎಸ್ ಮನೆ ಗೇಟಲ್ಲಿ ಯಾರಿರ್ತಾರೆ ಹೇಳಿ?

ಕಟ್‌ಆಫ್_ಸಂತ್ರಸ್ತ

@ವರದಾ_ದಂಡಿ ಸರ್ ನಿಮ್ಮ ಅಧ್ಯಕ್ಷರ ಕಥೆ ಚೆನ್ನಾಗಿದೆ, ಒಪ್ತೀನಿ. ಆದ್ರೆ ಮೂರರಲ್ಲಿ ಒಬ್ರು ಅಂಥೋರು ಅಂತ ನೀವೇ ಹೇಳಿದ್ರಿ. ಆ ಲಾಟರೀಲಿ ಇಡೀ ರಾಜ್ಯ ನಡೆಸೋಕಾಗುತ್ತಾ? ಪಂಚಾಯ್ತಿ ಬಿಡಿ, ಬಜೆಟ್ ಓದೋಕೆ ಬರ್ದೇ ಇರೋರು ಬಜೆಟ್‌ಗೆ ಕೈ ಎತ್ತೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಇದು ನಾನೊಬ್ನೇ ಹೇಳ್ತಿರೋದಲ್ಲ, ಬಾಬು ರಾಜೇಂದ್ರ ಪ್ರಸಾದ್ ಅವ್ರೇ 1949 ನವೆಂಬರ್ 26ಕ್ಕೆ, ಸಂವಿಧಾನ ಅಂಗೀಕಾರ ಆದ ದಿನನೇ, ಶಾಸನ ಸಭೆ ಸದಸ್ಯರಿಗೆ ಅರ್ಹತೆ ಇಡೋಕಾಗ್ಲಿಲ್ಲ ಅಂತ ಬೇಜಾರು ಮಾಡ್ಕೊಂಡಿದ್ರು. ಕಾನೂನು ಜಾರಿ ಮಾಡೋರಿಗೆ ಅಷ್ಟೊಂದು ಅರ್ಹತೆ ಕೇಳಿ ಕಾನೂನು ಮಾಡೋರಿಗೆ ಏನೂ ಕೇಳ್ದೇ ಇರೋದು ಸರಿನಾ ಅಂತ. ನಂದೂ ಅದೇ ಪ್ರಶ್ನೆ.

ಮಲ್ನಾಡ್_ಮಳೆ

ಆ ಭಾಷಣ ಪೂರ್ತಿ ಓದಿ ಮಾರಾಯ್ರೆ, ಅರ್ಧಕ್ಕೆ ನಿಲ್ಲಿಸ್ಬೇಡಿ. ಕಾನೂನು ಮಾಡೋನಿಗೆ ಬುದ್ಧಿಗಿಂತ ಹೆಚ್ಚಾಗಿ ಬೇಕಿರೋದು ಚಾರಿತ್ರ್ಯ, ಅದನ್ನ ಅಳೆಯೋ ಕೋಲು ಯಾವ್ದೂ ಇಲ್ಲ ಅಂತ ಅಲ್ಲೇ ಹೇಳ್ತಾರೆ ಅವ್ರು.

ಒಕ್ಕಲು_ಮನೆ

ಇದು ನಮ್ಮ ಮೈಸೂರಿಗೆ ಹಳೇ ಜಗಳ ಕಣಪ್ಪ, ನೂರು ವರ್ಷ ದಾಟಿದೆ.

ಸರ್ ಎಂವಿ ಯಾರೂ ವೋಟ್ ಹಾಕಿ ದಿವಾನ್ರಾಗಿದ್ದಲ್ಲ. 1912ರಲ್ಲಿ ನಾಲ್ವಡಿ ಮಹಾರಾಜ್ರು ನೇಮಿಸಿದ್ರು, ಆರು ವರ್ಷದಲ್ಲಿ ಬ್ಯಾಂಕು, ವಿಶ್ವವಿದ್ಯಾಲಯ ಏನೆಲ್ಲಾ ಆಯ್ತು, ಅದನ್ನ ಯಾರು ಅಲ್ಲ ಅಂತಾರೆ, ಮಂಡ್ಯದ ಕಡೆ ಇವತ್ತಿಗೂ ಮನೇಲಿ ಫೋಟೋ ಇಟ್ಟಿದೀವಿ. ಮೆರಿಟ್ ಅಂದ್ರೆ ಅದು. ಆದ್ರೆ ಅದೇ ಹೊತ್ತಿಗೆ ಸರ್ಕಾರಿ ಕೆಲಸದಲ್ಲಿ ಇದ್ದೋರು ಬಹುಪಾಲು ಒಂದೇ ಜಾತಿಯವ್ರು. ಉಳಿದ ಜಾತಿಗಳ ಮುಖಂಡ್ರು ಪ್ರಜಾಮಿತ್ರ ಮಂಡಳಿ ಕಟ್ಕೊಂಡು ಹೋಗಿ ಮಹಾರಾಜ್ರಿಗೆ ಅರ್ಜಿ ಕೊಟ್ರು. 1918ರಲ್ಲಿ ಮಿಲ್ಲರ್ ಸಮಿತಿ ಆಯ್ತು. ಸಮಿತಿ ಏನ್ ಹೇಳ್ತು ಅಂದ್ರೆ ಏಳು ವರ್ಷದೊಳಗೆ ದೊಡ್ಡ ಹುದ್ದೇಲಿ ಅರ್ಧ, ಚಿಕ್ಕ ಹುದ್ದೇಲಿ ಮೂರರಲ್ಲಿ ಎರಡು ಪಾಲು ಹಿಂದುಳಿದೋರಿಗೆ ಸಿಗ್ಬೇಕು ಅಂತ. ಹಿಂಗೆ ಮಾಡಿದ್ರೆ ದಕ್ಷತೆ ಹಾಳಾಗುತ್ತೆ ಅನ್ನೋದು ವಿಶ್ವೇಶ್ವರಯ್ಯನೋರ ವಾದ, ದಿವಾನಗಿರಿ ಬಿಟ್ಟಿದ್ದಕ್ಕೆ ಇದೂ ಒಂದು ಕಾರಣ. ಮಹಾರಾಜ್ರು ವರದಿ ಕಡೆ ನಿಂತ್ರು.

ನಂಗೆ ಇಬ್ರ ಮೇಲೂ ಗೌರವ ಇದೆ. ಆದ್ರೆ ನಮ್ಮ ತಾತ ಶಾನುಭೋಗ್ರ ಮನೆ ಜಗಲಿ ಕೆಳಗೆ ನಿಂತು ಕಂದಾಯ ಕಟ್ತಿದ್ದೋರು, ನಾನು ಇಂಜಿನಿಯರ್. ಅವಾಗ ಪ್ರಿಲಿಮ್ಸ್ ಇಟ್ಟಿದ್ರೆ ಯಾರು ಪಾಸಾಗ್ತಿದ್ರು ಅಂತ ಯೋಚ್ನೆ ಮಾಡು. 1951ರ ಜನಗಣತೀಲಿ ದೇಶದಲ್ಲಿ ಓದು ಬರಹ ಬಲ್ಲೋರು ನೂರಕ್ಕೆ 18 ಜನ. ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ವಿದ್ಯೆ ಇದ್ದೋರಿಗೆ ಮಾತ್ರ ವೋಟಿತ್ತು, ಅದನ್ನ ಕಿತ್ತು ಬಿಸಾಕಿದ್ದೇ ಈ ಕಾರಣಕ್ಕೆ.

ಇನ್ನೊಂದು. ಪಕ್ಕದ ಮದ್ರಾಸಲ್ಲಿ ಮುಖ್ಯಮಂತ್ರಿ ರಾಜಾಜಿ, ಎಂಥಾ ವಿದ್ವಾಂಸ್ರು, 1953ರಲ್ಲಿ ಮಕ್ಕಳಿಗೆ ಸ್ಕೂಲ್ ಟೈಮ್ ಕಮ್ಮಿ ಮಾಡಿ ಉಳಿದ ಹೊತ್ತು ಮನೆ ಕಸುಬು ಕಲೀಲಿ ಅಂದ್ರು. ಅದನ್ನ ಮರುವರ್ಷ ವಾಪಸ್ ತಗೊಂಡು ಹಳ್ಳಿ ಹಳ್ಳೀಲಿ ಸ್ಕೂಲು ತೆಗೆಸಿ ಮಧ್ಯಾಹ್ನದ ಊಟ ಹಾಕ್ಸಿದ್ದು ಓದು ಅರ್ಧಕ್ಕೇ ಬಿಟ್ಟಿದ್ದ ಕಾಮರಾಜರು.

ಚಾಂಗಿ_ಚಂದ್ರು

11 ವರ್ಷದಿಂದ ಸಿಂಗಪುರದಲ್ಲಿದೀನಿ. ಮೆರಿಟ್ ಅಂದ್ರೆ ಸಿಂಗಪುರ ಅಂತ ಯಾರಾದ್ರೂ ಹೇಳೋಕೆ ಮುಂಚೆ ನಾನೇ ಹೇಳ್ತೀನಿ. ಇಲ್ಲಿ ಓದಿದೋರು ಮಂತ್ರಿ ಆಗ್ತಾರೆ ನಿಜ, ಸಂಬಳನೂ ಕಂಪನಿ ಲೆವೆಲ್ಲಲ್ಲಿ ಕೊಡ್ತಾರೆ, ರಸ್ತೆ ನೀರು ಟ್ರೈನು ಎಲ್ಲಾ ಸೂಪರ್, ಊರಿಗೆ ಬಂದಾಗ ನಂಗೂ ಕಟ್‌ಆಫ್ ಅವ್ರ ಥರಾನೇ ಅನ್ಸುತ್ತೆ.

ಆದ್ರೆ ರಾಷ್ಟ್ರಪತಿ ಚುನಾವಣೆ ನೋಡಿ. ನಿಲ್ಲೋಕೆ ಅರ್ಹತೆ ಇದೆ, ಖಾಸಗಿ ಕಂಪನಿ ನಡೆಸಿದೋರಾದ್ರೆ ಆ ಕಂಪನಿಯ ಷೇರುದಾರರ ಬಂಡವಾಳ 50 ಕೋಟಿ ಸಿಂಗಪುರ ಡಾಲರ್ ಇರ್ಬೇಕು, ಮೊದ್ಲು ಬೇರೆ ಲೆಕ್ಕದಲ್ಲಿ 10 ಕೋಟಿ ಇತ್ತು, 2016ರಲ್ಲಿ ಏರಿಸಿದ್ರು. 2017ರ ಚುನಾವಣೆ ಮಲಯ್ ಸಮುದಾಯಕ್ಕೆ ಮೀಸಲು, ಇಬ್ರು ಉದ್ಯಮಿಗಳ ಅರ್ಜಿ ಅರ್ಹತೆ ಇಲ್ಲ ಅಂತ ಬಿದ್ದೋಯ್ತು, ಉಳಿದಿದ್ದು ಹಲೀಮಾ ಯಾಕೂಬ್ ಒಬ್ರೇ, ವೋಟಿಂಗೇ ಆಗ್ಲಿಲ್ಲ. ಅವ್ರು ಒಳ್ಳೇವ್ರೇ, ಬಡತನದಿಂದ ಮೇಲೆ ಬಂದೋರು, ಆದ್ರೂ ಆಫೀಸಲ್ಲಿ ಜನ ಗೊಣಗಿದ್ದು ನಾನೇ ಕೇಳಿದೀನಿ, ನಾವು ಆರಿಸ್ಲೇ ಇಲ್ವಲ್ಲ ಅಂತ. ಕಟ್‌ಆಫ್ ಎಷ್ಟು ಅಂತ ತೀರ್ಮಾನ ಮಾಡೋರು ಯಾರು, ಈಗಾಗ್ಲೇ ಅಧಿಕಾರದಲ್ಲಿ ಇರೋರು ತಾನೆ. ನಿಮ್ಮ ಪ್ರಿಲಿಮ್ಸ್ ಪೇಪರ್ ಸೆಟ್ ಮಾಡೋದು ಯಾವ ಸರ್ಕಾರ ಅಂತ ಯೋಚ್ನೆ ಮಾಡಿ, ಪೇಪರ್ ಲೀಕ್ ಆಗೋದು ಆಮೇಲಿನ ಮಾತು 😄

ರಾಗಿಮುದ್ದೆ_ಸಾರು

ಎಲ್ಲಾ ಸರಿ, ಬಿ ಫಾರಂ, ಅಂದ್ರೆ ಪಕ್ಷದ ಟಿಕೆಟ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಎಂಎಲ್‌ಎ ಎಲೆಕ್ಷನ್ನಲ್ಲಿ ಪ್ರಿಲಿಮ್ಸ್ ಈಗ್ಲೂ ಇದೆ ಸ್ವಾಮಿ, ಟಿಕೆಟ್ ಹಂಚೋ ರೂಮಲ್ಲಿ ನಡೆಯುತ್ತೆ, ಸಿಲೆಬಸ್ಸು ದುಡ್ಡು, ಜಾತಿ ಲೆಕ್ಕ, ಅಪ್ಪನ ಹೆಸ್ರು. ಅಲ್ಲಿ ಪಾಸಾದ ಮೂರು ಜನರನ್ನ ನಮ್ಮ ಮುಂದೆ ಇಡ್ತಾರೆ, ಆಮೇಲೆ ನಾವು ಸರಿಯಾಗಿ ಆರಿಸ್ಲಿಲ್ಲ ಅಂತ ಬೈತಾರೆ. ಮನಮೋಹನ್ ಸಿಂಗ್ 1999ರಲ್ಲಿ ದಕ್ಷಿಣ ದೆಹಲೀಲಿ ನಿಂತು ಸೋತ್ರು, ಓದಿದ ಜನ ಜಾಸ್ತಿ ಇರೋ ಕ್ಷೇತ್ರ ಅದು. ಆಮೇಲೆ ಹತ್ತು ವರ್ಷ ಪ್ರಧಾನಿ ಆಗಿದ್ದು ರಾಜ್ಯಸಭೆಯಿಂದ. ಇದನ್ನ ಯಾವ ಕಡೆ ವಾದಕ್ಕೆ ಹಾಕ್ಕೊಳ್ತೀರೋ ನಿಮ್ಮಿಷ್ಟ.

ಕಟ್‌ಆಫ್_ಸಂತ್ರಸ್ತ

ಬಿ ಫಾರಂ ಮಾತು ನಾಟ್ತು. ಎಕ್ಸಾಮ್ ಇಡೋದಾದ್ರೆ ಟಿಕೆಟ್ ಕೊಡೋರಿಗೆ ಇಡ್ಬೇಕು ಮೊದ್ಲು. ಆದ್ರೂ ಓದೋಕೇ ಬರ್ದೇ ಇರೋರು ಕಾನೂನು ಮಾಡೋದು ನಂಗೆ ಈಗ್ಲೂ ಇಷ್ಟ ಇಲ್ಲ, ಅದನ್ನ ಮಾತ್ರ ಬಿಟ್ಟುಕೊಡಲ್ಲ. ಇಲೆಕ್ಷನ್ ಗೆದ್ಮೇಲಾದ್ರೂ ಆರು ತಿಂಗಳು ಕೂರಿಸಿ ಟ್ರೈನಿಂಗ್ ಕೊಡ್ಲಿ, ಫೇಲ್ ಆದ್ರೆ ಮಾರ್ಕ್ಸ್ ಕಾರ್ಡನ್ನ ಊರಿನ ನೋಟಿಸ್ ಬೋರ್ಡಿಗೆ ಹಾಕ್ಲಿ, ಮುಂದಿನ ಸಲ ಜನ ನೋಡ್ಕೊಳ್ತಾರೆ.

ವರದಾ_ದಂಡಿ

ಇದು ಮಾಡಬಹುದು ನೋಡು. ಟ್ರೇನಿಂಗ್ ಈಗೂ ಕೊಡ್ತಾರ, ಎರಡು ಮೂರು ದಿನ, ಊಟ ಚಲೋ ಇರ್ತೈತಿ. ಒಂದು ಕೇಳ್ತೀನಿ ಸಿಟ್ಟಾಗಬ್ಯಾಡ, ನಿಮ್ಮೂರ ಗ್ರಾಮಸಭೆಕ್ಕ ಎಷ್ಟು ಸಲ ಹೋಗೀದಿ?

ಕಟ್‌ಆಫ್_ಸಂತ್ರಸ್ತ

ಒಂದ್ಸಲನೂ ಇಲ್ಲ ಸರ್. ಈಗ ಅಮ್ಮಂಗೆ ಫೋನ್ ಮಾಡಿ ಕೇಳ್ದೆ, ಹೋದ ತಿಂಗಳೇ ಆಯ್ತಂತೆ, ಟಾಂ ಟಾಂ ಹೊಡ್ಸಿದ್ರಂತೆ. ಅಧ್ಯಕ್ಷರು ಬಂದಿದ್ರಾ ಅಂದೆ. ಬಂದಿದ್ರಂತೆ, ಗಂಡ ಪಕ್ಕದಲ್ಲಿ ಕೂತಿದ್ರಂತೆ, ಅಂಗನವಾಡಿ ಮೊಟ್ಟೆ ವಿಷಯಕ್ಕೆ ಮಾತ್ರ ಯಮ್ಮನೇ ಎದ್ದು ನಿಂತು ಜೋರಾಗಿ ಬೈದ್ರಂತೆ.

ವರದಾ_ದಂಡಿ

ಆಗಸ್ಟ್ ಮ್ಯಾಲ ಜಮಾಬಂದಿ, ಅಂದ್ರ ಪಂಚಾಯ್ತಿ ಲೆಕ್ಕಾ ಮಂದಿ ಮುಂದ ಇಡೋದು, ಬರ್ತೈತಿ, ಖರ್ಚಿನ ರಿಜಿಸ್ಟರ್ ಎಲ್ಲಾ ಟೇಬಲ್ ಮ್ಯಾಲ ಇಡಬೇಕಾಕ್ಕೈತಿ. ಅವತ್ತು ರಜಾ ಹಾಕಿ ಊರಿಗೆ ಹೋಗು. ಆ ಯವ್ವನ ಬಾಜೂಕ ಕುಂತು ರಿಜಿಸ್ಟರ್ ಓದಿ ಹೇಳು, ಓದಾಕಂತೂ ನಿನಗ ಬರ್ತೈತೆಲ್ಲಾ.