ಬೇಗ ಹೊಡೆದರೆ ಗುಂಡು ಕೆಳಗೆ, ಎಡಕ್ಕೆ ಬೀಳುತ್ತಿದೆ. ಪಿಸ್ತೂಲಿನ ಸೈಟ್ (ಗುರಿ ಹಿಡಿಯಲು ಮೇಲ್ಭಾಗದಲ್ಲಿರುವ ಗುರುತು) ಸರಿಸಬೇಕಾ?

ಹೊಸ ಶೂಟರ್:
ನಮಸ್ಕಾರ. ಆತ್ಮರಕ್ಷಣೆಯ ಪಿಸ್ತೂಲು ತರಬೇತಿಗೆ ಸೇರಿದ್ದೇನೆ. 9 ಎಂಎಂ, ಬಲಗೈ. 7 ಮೀಟರ್‌ನಲ್ಲಿ ನಿಧಾನವಾಗಿ ಹೊಡೆದರೆ ಗುಂಡೆಲ್ಲ ಅಂಗೈಯಗಲದಲ್ಲಿ, ನಡುಮಧ್ಯಕ್ಕೇ ಬೀಳುತ್ತವೆ. ಹೋಲ್‌ಸ್ಟರ್‌ನಿಂದ (ಪಿಸ್ತೂಲು ಇಡುವ ಸೊಂಟದ ಚೀಲ) ತೆಗೆದು ಬೇಗ ಎರಡು ಹೊಡಿ ಅಂದರೆ ಮಾತ್ರ ಎರಡೂ ಕೆಳಗೆ, ಎಡಕ್ಕೆ. ಹಿಂದಿನ ಸೈಟನ್ನು ಸ್ವಲ್ಪ ಬಲಕ್ಕೆ ಸರಿಸಿದರೆ ಆಗುತ್ತಾ? ಇನ್ನೊಂದು ಕಿರಿಕಿರಿ: ಕೊನೆಯ ಗುಂಡು ಹೋದಮೇಲೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗ) ಹಿಂದೆ ನಿಲ್ಲಬೇಕಲ್ಲ, ಆಗಾಗ ಮುಚ್ಚಿಕೊಂಡುಬಿಡುತ್ತದೆ. ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಬದಲಿಸಿದರೂ ಅದೇ ಕಥೆ.

ಹಳೇ ಗುರಿಕಾರ:
ಸೈಟ್ ಮುಟ್ಟಲೇಬೇಡಿ. ನಿಧಾನಕ್ಕೆ ಹೊಡೆದಾಗ ನಡುವೆ ಬೀಳುತ್ತಿದೆ ಅಂದಮೇಲೆ ಅದು ಸರಿಯಾಗೇ ಇದೆ. ಬದಲಾಗುತ್ತಿರುವುದು ಕೈ. ಪಿಸ್ತೂಲು ಒದೆಯುತ್ತದೆ ಅಂತ ಮೈಗೆ ಗೊತ್ತು. ಹಾಗಾಗಿ ಒದೆಯುವ ಮುಂಚೆಯೇ ಮಣಿಕಟ್ಟು ಅದನ್ನು ಕೆಳಕ್ಕೆ ಅದುಮುತ್ತದೆ. ಟ್ರಿಗರ್ ಎಳೆಯುವ ಆತುರದಲ್ಲಿ ಬಲಗೈಯ ಉಳಿದ ಬೆರಳುಗಳೂ ಬಿಗಿಯುತ್ತವೆ, ಮೂತಿ ಎಡಕ್ಕೆ ವಾಲುತ್ತದೆ. ಎಡಗೈಯವರಿಗೆ ಇದೇ ತೊಂದರೆ ಬಲಕ್ಕೆ ಕಾಣುತ್ತದೆ.

ಕಣ್ಣಾರೆ ನೋಡಬೇಕಾ? ರೇಂಜಿನಲ್ಲಿ ತರಬೇತುದಾರರ ಕೈಗೆ ಮ್ಯಾಗಜಿನ್ ಕೊಡಿ. ನಿಜವಾದ ಗುಂಡುಗಳ ನಡುವೆ ಒಂದೆರಡು ಡಮ್ಮಿ (ಸಿಡಿಯದ ನಕಲಿ ಗುಂಡು) ಸೇರಿಸಲಿ, ಎಲ್ಲಿ ಅಂತ ನಿಮಗೆ ಹೇಳದಿರಲಿ. ಡಮ್ಮಿ ಬಂದಾಗ ಬರೀ ಟಿಕ್ ಅನ್ನುತ್ತದೆ, ಒದೆತ ಇರುವುದಿಲ್ಲ. ಆಗ ಫ್ರಂಟ್ ಸೈಟ್ (ಮೂತಿಯ ಕಡೆಯ ಗುರುತು) ಎಲ್ಲಿದೆ ನೋಡಿ. ಕೆಳಗೆ ಮುಳುಗಿದ್ದರೆ ರೋಗ ಸಿಕ್ಕಿತು. ಟಿಕ್ ಅಂದಮೇಲೂ ಮೂತಿ ಟಾರ್ಗೆಟ್ ಕಡೆಗೇ ಇರಲಿ. ಅದು ಡಮ್ಮಿಯೇ ಅಂತ ಊಹಿಸಿಕೊಳ್ಳಬಾರದು, ಹೊತ್ತಿಕೊಳ್ಳಲು ತಡವಾದ ಗುಂಡೂ ಇರಬಹುದು.

ರೇಂಜ್ ಗೆಳೆಯ:
ಸ್ಲೈಡ್ ವಿಷಯಕ್ಕೆ ನಿಮ್ಮ ಬಲ ಹೆಬ್ಬೆರಳು ನೋಡಿಕೊಳ್ಳಿ. ಎರಡೂ ಹೆಬ್ಬೆರಳು ಮುಂದಕ್ಕೆ ಚಾಚಿ ಹಿಡಿಯುವವರಲ್ಲಿ ಬಲ ಹೆಬ್ಬೆರಳು ಸ್ಲೈಡ್ ಸ್ಟಾಪ್ (ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಸಣ್ಣ ಕೀಲು) ಮೇಲೆ ಕೂತುಬಿಡುತ್ತದೆ. ಮ್ಯಾಗಜಿನ್ ಖಾಲಿಯಾದಾಗ ಒಳಗಿನ ಫಾಲೋವರ್ (ಗುಂಡುಗಳನ್ನು ಮೇಲಕ್ಕೆ ತಳ್ಳುವ ತಟ್ಟೆ) ಆ ಸ್ಟಾಪನ್ನು ಮೇಲೆತ್ತಬೇಕು, ನಿಮ್ಮ ಬೆರಳು ಬಿಡುತ್ತಿಲ್ಲ. ಎಡಗೈ ಹೆಬ್ಬೆರಳಿನ ಬುಡದ ಮೇಲೆ ಅದನ್ನು ಒರಗಿಸಿ ಹೊಡೆದು ನೋಡಿ. ಆಗಲೂ ನಿಲ್ಲದಿದ್ದರೆ ಪಿಸ್ತೂಲನ್ನು ತೋರಿಸಿ.

ರೇಂಜ್ ಗೋಡೆಗಳ ಮೇಲೆ "ಗುಂಡು ಇಲ್ಲಿ ಬಿದ್ದರೆ ತಪ್ಪು ಇದು" ಅನ್ನುವ ದುಂಡನೆಯ ಚಾರ್ಟ್ ಇರುತ್ತದಲ್ಲ, ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಅದು ಒಂದೇ ಕೈಯಲ್ಲಿ ಹೊಡೆಯುವ ಬುಲ್ಸ್‌ಐ ಶೂಟಿಂಗಿಗೆ (ದುಂಡು ಟಾರ್ಗೆಟ್ಟಿಗೆ ಹೊಡೆಯುವ ಸ್ಪರ್ಧೆ) ಮಾಡಿದ್ದು.

ಹೊಸ ಶೂಟರ್:
ಇಬ್ಬರಿಗೂ ಧನ್ಯವಾದ. ಡಮ್ಮಿ ಬಂದಾಗ ಫ್ರಂಟ್ ಸೈಟ್ ಎದ್ದುಕಾಣುವಷ್ಟು ಕೆಳಗೆ ಇಳಿಯಿತು. ಹೆಬ್ಬೆರಳು ಸರಿಸಿದೆ, ಸ್ಲೈಡ್ ಈಗ ಪ್ರತಿ ಸಲ ನಿಲ್ಲುತ್ತಿದೆ. ಮನೆಯಲ್ಲಿ ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ) ಮಾಡಬಹುದಾ?

ಹಳೇ ಗುರಿಕಾರ:
ಮಾಡಲೇಬೇಕು, ಈ ರೋಗಕ್ಕೆ ಅದೇ ಮದ್ದು. ಆದರೆ ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು, ಚೇಂಬರನ್ನು (ಗುಂಡು ಕೂರುವ ಜಾಗ) ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ. ಗುಂಡು ತಡೆಯುವಂಥ ಗೋಡೆಯ ಕಡೆಗೇ ಗುರಿ ಇಡಿ. ಆಮೇಲೆ ಒಂದೇ ಕೆಲಸ: ಫ್ರಂಟ್ ಸೈಟ್ ಅಲುಗದ ಹಾಗೆ ಟ್ರಿಗರ್ ಒತ್ತುವುದು. ಎಡಗೈ ಬಲಗೈಗಿಂತ ಗಟ್ಟಿಯಾಗಿ ಹಿಡಿಯಲಿ. ಬಲಗೈ ಸಡಿಲವಾದಷ್ಟೂ ಬೆರಳು ತನ್ನ ಪಾಡಿಗೆ ತಾನು ಆಡುತ್ತದೆ.

ಇದು ಕೂಡಿಬಂದಮೇಲೆ ಹೋಲ್‌ಸ್ಟರ್ ಸೇರಿಸಿ. ಸೈಟ್ ಗುರಿಯ ಮೇಲೆ ಬರುವವರೆಗೆ ಬೆರಳು ಟ್ರಿಗರ್ ಗಾರ್ಡಿನ ಹೊರಗೆ. ಇದು ಅಮೆರಿಕದ ಪಿಸ್ತೂಲು ತರಬೇತುದಾರ ಜೆಫ್ ಕೂಪರ್ ಕಲಿಸುತ್ತಿದ್ದ ನಾಲ್ಕು ಸುರಕ್ಷತಾ ನಿಯಮಗಳಲ್ಲಿ ಒಂದು. 1976ರಲ್ಲಿ ಅವರು ಅರಿಜೋನಾದಲ್ಲಿ ಪಿಸ್ತೂಲು ಶಾಲೆ ತೆರೆದರು, ಇವತ್ತಿನ ತರಬೇತಿಯ ಎಷ್ಟೋ ಪಾಠಗಳು ಅವರಿಂದ ಬಂದವು. ತೆಗೆಯುವಾಗ ವೇಗ ಸರಿ, ವಾಪಸ್ ಇಡುವಾಗ ಖಂಡಿತ ಬೇಡ. ನೋಡಿಕೊಂಡು ನಿಧಾನವಾಗಿ ಇಡಿ.

ಅಭ್ಯಾಸ ಮುಗಿಯಿತು ಅಂದರೆ ಮುಗಿಯಿತು ಅಂತ ಬಾಯಿಬಿಟ್ಟು ಹೇಳಿ. ಮತ್ತೆ ಗುಂಡು ತುಂಬಿದಮೇಲೆ "ಇನ್ನೊಂದು ಸಲ" ಬೇಡವೇ ಬೇಡ. ಅವಘಡ ಆಗುವ ಹೊತ್ತು ಅದೇ.